ಹಳೆ ಆಂಪ್ಲಿಫೈಯರ್ ಕೊಳ್ಳುವಾಗ: ಗುಂಯ್ ಅಂದರೆ ಏನು, ಟಪ್ ಅಂದರೆ ಏನು

ಹಳೆ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಯುವ ಹಿತ್ತಾಳೆ ಹಂಡೆಗೆ ಅರ್ಧ ಗಂಟೆಯಲ್ಲಿ ಗಿರಾಕಿ ಸಿಗುತ್ತಾರೆ. ಅದರ ಜೊತೆಗೇ ಇಳಿದ ಆಂಪ್ಲಿಫೈಯರ್ ಮಾತ್ರ ಗುಜರಿ ಅಂಗಡಿಯ ಮೂಲೆಯಲ್ಲಿ ಧೂಳು ಹೊದ್ದುಕೊಂಡು ನನ್ನಂಥವರಿಗಾಗಿ ಕಾಯುತ್ತದೆ. ಮೈಸೂರಿನಲ್ಲಿ ಇಂಥವಕ್ಕೆ ಬರವಿಲ್ಲ. 1935ರಲ್ಲೇ ಎಂ.ವಿ. ಗೋಪಾಲಸ್ವಾಮಿ ಅನ್ನೋ ಸೈಕಾಲಜಿ ಪ್ರೊಫೆಸರ್ ತಮ್ಮ ಮನೆಯಲ್ಲೇ ಆಕಾಶವಾಣಿ ಹೆಸರಿನ ರೇಡಿಯೋ ಸ್ಟೇಷನ್ ನಡೆಸಿದ ಊರಲ್ವಾ ಇದು. ಸದ್ದಿನ ಹುಚ್ಚು ಇಲ್ಲಿಗೆ ಹೊಸದಲ್ಲ.

ಹದಿನೈದು ವರ್ಷದಲ್ಲಿ ನಾನು ಹನ್ನೊಂದು ಹಳೆ ಸೆಟ್ ಕೊಂಡಿದ್ದೇನೆ. ನಾಲ್ಕರಲ್ಲಿ ಚೆನ್ನಾಗಿ ಟೋಪಿ ಹಾಕಿಸಿಕೊಂಡೆ. ತಮಾಷೆ ಅಂದರೆ ಆ ನಾಲ್ಕೂ ಅಂಗಡಿಯಲ್ಲಿ ಸೊಗಸಾಗಿ ಹಾಡಿದ್ದವು. ಸತ್ತಿದೆ ಅಂತ ಕಮ್ಮಿ ಬೆಲೆಗೆ ತಂದವೇ ಇವತ್ತಿಗೂ ಮನೆಯಲ್ಲಿ ಹಾಡುತ್ತಿರುವುದು. ಹಾಗಾಗಿ ಕೆಟ್ಟ ಸೆಟ್ಟಿಗೆ ನಾನು ಈಗ ಹೆದರಲ್ಲ. ಹತ್ತು ಜನರ ಕೈ ಬಿದ್ದ ಸೆಟ್ಟಿಗೆ ಹೆದರುತ್ತೇನೆ. ಯಾವ ತೊಂದರೆ ಧೂಳಿನಿಂದ ಬಂದದ್ದು, ಯಾವುದು ವಯಸ್ಸಿನಿಂದ ಬಂದದ್ದು, ಯಾವುದು ಯಾರದೋ ಕೈಯಿಂದ ಬಂದದ್ದು ಅಂತ ಅಂಗಡಿಯಲ್ಲೇ ಗುರುತಿಸುವ ಬಗೆ ಇಲ್ಲಿದೆ. ದುಡ್ಡಿಲ್ಲದ ಪರೀಕ್ಷೆ ಮೊದಲು, ಸ್ಕ್ರೂಡ್ರೈವರ್ ಕೊನೆಗೆ.

ಹೊರಡುವಾಗ ಚೀಲದಲ್ಲಿ

ಟೆಸ್ಟರ್, ಸಾಧಾರಣ ಡಿಜಿಟಲ್ ಮೀಟರ್, ಟಾರ್ಚ್, ಮೊಬೈಲಿಗೆ ಹಾಕುವ ಆಡಿಯೋ ಕೇಬಲ್, ಸುಟ್ಟು ಹೋದರೂ ಅಳು ಬಾರದಂಥ ಒಂದು ಜೊತೆ ಸಣ್ಣ ಸ್ಪೀಕರ್. ನಮ್ಮ ದೇಶದ ಹಳೆ ಸೆಟ್‌ಗಳಲ್ಲಿ ಹಿಂದುಗಡೆ ಐದು ಪಿನ್ನಿನ ದುಂಡನೆ ಡಿನ್ ಸಾಕೆಟ್ ಇರುವುದೇ ಜಾಸ್ತಿ. ಅದಕ್ಕೆ ಹೊಂದುವ ಕೇಬಲ್ ಒಂದು ಇಟ್ಟುಕೊಳ್ಳಿ. ಅದಿಲ್ಲದೆ ಹೋದರೆ ‘ಕೇಬಲ್ ಇಲ್ಲ ಸಾರ್, ಆದ್ರೆ ಸೂಪರಾಗಿ ಹಾಡುತ್ತೆ’ ಅನ್ನೋ ಮಾತನ್ನು ನಂಬಿ ಬರಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಸೀರೀಸ್ ಬೋರ್ಡು. ರೇಡಿಯೋ ರಿಪೇರಿ ಮಾಡುವ ಹಳಬರ ಮೇಜಿನ ಮೇಲೆ ಇದನ್ನು ನೋಡಿರುತ್ತೀರಿ. ಒಂದು ಮರದ ಹಲಗೆ, ಒಂದು ಹೋಲ್ಡರ್, ಒಂದು ಸಾಕೆಟ್. ಫೇಸ್ ವೈರು ಮೊದಲು ಬಲ್ಬಿನ ಮೂಲಕ ಹೋಗಿ, ಆಮೇಲೆ ಸಾಕೆಟ್ಟಿಗೆ ಬರುತ್ತದೆ. ಒಳಗೆ ಎಲ್ಲೋ ಶಾರ್ಟ್ ಇದ್ದರೆ ಕರೆಂಟೆಲ್ಲಾ ಬಲ್ಬಿನ ಪಾಲಾಗುತ್ತದೆ. ಬಲ್ಬ್ ಜೋರಾಗಿ ಉರಿಯುತ್ತದೆ, ಆಂಪ್ಲಿಫೈಯರ್ ಬದುಕಿಕೊಳ್ಳುತ್ತದೆ. ಬಲ್ಬ್ ಮಾತ್ರ ತಂತಿ ಇರುವ ಹಳೆ ಬುರುಡೆ ಬಲ್ಬೇ ಆಗಬೇಕು. ಸಣ್ಣ ಸೆಟ್ಟಿಗೆ 60 ವ್ಯಾಟ್, ದೊಡ್ಡದಕ್ಕೆ 100. ಎಲ್‌ಇಡಿ ಬಲ್ಬ್ ಹಾಕಿದರೆ ಏನೂ ಪ್ರಯೋಜನವಿಲ್ಲ. ಬುರುಡೆ ಬಲ್ಬ್ ಈಗ ಎಲ್ಲಾ ಅಂಗಡಿಯಲ್ಲೂ ಸಿಗಲ್ಲ, ಸಿಕ್ಕಾಗ ನಾಲ್ಕು ತಂದಿಟ್ಟುಕೊಳ್ಳಿ. ಬೋರ್ಡನ್ನು ನೀವೇ ಮಾಡಿಕೊಳ್ಳಲು ಧೈರ್ಯ ಇಲ್ಲದಿದ್ದರೆ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. 230 ವೋಲ್ಟಿನ ಜೊತೆ ಹುಡುಗಾಟ ಬೇಡ.

ಪ್ಲಗ್ ಹಾಕುವ ಮುಂಚೆ

ಮೊದಲು ಎತ್ತಿ ನೋಡಿ. ಹಳೆ ಆಂಪ್ಲಿಫೈಯರಿನ ಯೋಗ್ಯತೆ ಅದರ ಟ್ರಾನ್ಸ್‌ಫಾರ್ಮರಿನಲ್ಲಿದೆ, ಟ್ರಾನ್ಸ್‌ಫಾರ್ಮರಿನ ಯೋಗ್ಯತೆ ತೂಕದಲ್ಲಿದೆ. ಮುಂದುಗಡೆ ‘1000 ವ್ಯಾಟ್ ಪಿಎಂಪಿಒ’ (ಉಬ್ಬಿಸಿ ಹೇಳುವ ವ್ಯಾಟ್ ಲೆಕ್ಕ) ಅಂತ ಬರೆದು, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ ಇದ್ದರೆ ನಗುತ್ತಾ ಮುಂದಿನ ಸೆಟ್ಟಿಗೆ ಹೋಗಿ. ವ್ಯಾಟಿನ ವಿಷಯದಲ್ಲಿ ಸುಳ್ಳು ಹೊಸದೇನಲ್ಲ. ಅಮೆರಿಕದಲ್ಲಿ ಇದರ ಹಾವಳಿ ತಡೆಯೋಕೆ 1974ರಲ್ಲಿ ನಿಯಮವನ್ನೇ ತರಬೇಕಾಯಿತು. ಇನ್ನೊಂದು ಕಡೆ ನೋಡಿದರೆ, 1978ರ ನ್ಯಾಡ್ ಕಂಪನಿಯ 3020 ಆಂಪ್ಲಿಫೈಯರ್ ಬರೀ 20 ವ್ಯಾಟಿನದು. ಅದನ್ನು ಇವತ್ತಿಗೂ ಹುಡುಕಿಕೊಂಡು ಕೊಳ್ಳುತ್ತಾರೆ.

ಆಮೇಲೆ ಮೂಸಿ ನೋಡಿ. ಗಾಳಿಕಿಂಡಿಗೆ ಮೂಗಿಡಿ, ಅಂಗಡಿಯವರು ನಕ್ಕರೆ ನಗಲಿ. ಧೂಳಿನ ವಾಸನೆ, ಜಿರಳೆ ವಾಸನೆ ಪರವಾಗಿಲ್ಲ. ಸುಟ್ಟ ವಾರ್ನಿಷ್ ವಾಸನೆ ಬಂದರೆ ಟ್ರಾನ್ಸ್‌ಫಾರ್ಮರ್ ಯಾವಾಗಲೋ ಬೆಂದಿದೆ. ಮೀನಿನಂಥ ವಾಸನೆ ಬಂದರೆ ಕಂಡೆನ್ಸರ್ (ಕರೆಂಟ್ ತುಂಬಿಟ್ಟುಕೊಳ್ಳುವ ಡಬ್ಬಿ) ಸೋರಿರಬಹುದು. ನಿಧಾನವಾಗಿ ವಾಲಿಸಿ. ಒಳಗೆ ಏನಾದರೂ ಲೊಟಲೊಟ ಅಂದರೆ ಬಿಚ್ಚಿ ನೋಡದೆ ಪ್ಲಗ್ ಹಾಕಬೇಡಿ. ಸ್ಕ್ರೂ ಉದುರಿರಬಹುದು. ನನಗೊಮ್ಮೆ ಒಣಗಿದ ಹಲ್ಲಿ ಸಿಕ್ಕಿತ್ತು, ಸರಿಯಾಗಿ ಟ್ರಾನ್ಸ್‌ಫಾರ್ಮರಿನ ಎರಡು ಟರ್ಮಿನಲ್ ನಡುವೆ.

ಈಗ ಹಿಂದುಗಡೆಯ ತಗಡಿನ ಪಟ್ಟಿ ಓದಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಜಪಾನಿನೊಳಗೆ ಮಾರಲು ಮಾಡಿದ ಸೆಟ್‌ಗಳು 100 ವೋಲ್ಟಿನವು, ಅಮೆರಿಕದವು 120. ನಮ್ಮದು 230. ಕೆಲವು ಸೆಟ್‌ಗಳಲ್ಲಿ ಹಿಂದೆ ವೋಲ್ಟೇಜ್ ಬದಲಿಸುವ ಸೆಲೆಕ್ಟರ್ ಇರುತ್ತದೆ. ಅದು ಯಾವ ಅಂಕಿಯ ಮೇಲೆ ನಿಂತಿದೆ ಅಂತ ಟಾರ್ಚ್ ಬಿಟ್ಟು ನೋಡಿ. ಯಾವುದೋ ದೇಶದಿಂದ ಬಂದವರು ಹಾಗೇ ಬಿಟ್ಟಿರುತ್ತಾರೆ. ನಾನು ಕೊಂಡ ಎರಡನೇ ಸೆಟ್ಟು 100 ವೋಲ್ಟಿನದು. ಮನೆಗೆ ತಂದು ನೇರವಾಗಿ ಗೋಡೆಗೆ ಹಾಕಿದೆ. ಮೂರು ಸೆಕೆಂಡು ಅದ್ಭುತವಾಗಿ ದೀಪ ಹತ್ತಿತು.

100 ವೋಲ್ಟ್ ಸೆಟ್ ಕೊಳ್ಳಲೇಬೇಕು ಅನ್ನಿಸಿದರೆ 230ರಿಂದ 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರನ್ನೇ ವೈಂಡಿಂಗ್ ಮಾಡುವವರ ಹತ್ತಿರ ಮಾಡಿಸಿ. ಅಂಗಡಿಯಲ್ಲಿ ರೆಡಿ ಸಿಗುವ 110ರದ್ದು ಅದಕ್ಕೆ ಸ್ವಲ್ಪ ಜಾಸ್ತಿಯೇ. ಸೆಟ್ಟಿನ ಹಿಂದೆ ಬರೆದ ವ್ಯಾಟಿಗಿಂತ ದುಪ್ಪಟ್ಟು ತಾಳುವಂಥದ್ದು ಇರಲಿ. ಆ ಖರ್ಚನ್ನು ಸೆಟ್ಟಿನ ಬೆಲೆಯಲ್ಲಿ ಕಳೆದು ಮಾತಾಡಿ.

ಸ್ವಿಚ್ ಹಾಕಿದರೆ ದೀಪವೂ ಇಲ್ಲ, ಸದ್ದೂ ಇಲ್ಲ

ಮೊದಲು ಅಂಗಡಿಯ ಸಾಕೆಟ್ಟಿನಲ್ಲಿ ಕರೆಂಟ್ ಇದೆಯಾ ನೋಡಿ. ಸುಮ್ನೆ ಹೇಳುತ್ತಿಲ್ಲ, ಎರಡು ಸಲ ಹಾಗೆ ಆಗಿದೆ.

ಆಮೇಲೆ ಪ್ಲಗ್ ಕಿತ್ತು, ಹಿಂದುಗಡೆಯ ಫ್ಯೂಸ್ ತೆಗೆದು ನೋಡಿ. ಒಳಗಿನ ತಂತಿ ಸಣ್ಣಗೆ ಕರಗಿದ್ದರೆ ಬರೀ ವಯಸ್ಸಿಗೆ ಹೋಗಿರಬಹುದು. ಗಾಜೆಲ್ಲಾ ಕಪ್ಪಾಗಿ, ಬೆಳ್ಳಿ ಬಳಿದ ಹಾಗೆ ಆಗಿದ್ದರೆ ಒಳಗೆ ಜೋರು ಶಾರ್ಟ್ ಆಗಿದೆ ಅಂತ ಅರ್ಥ. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆಯನ್ನೋ ಸಿಗರೇಟಿನ ಕಾಗದವನ್ನೋ ಸುತ್ತಿದ್ದರೆ, ಯಾರೋ ಪದೇಪದೇ ಹೋಗುತ್ತಿದ್ದ ಫ್ಯೂಸಿನಿಂದ ಬೇಸತ್ತು ಈ ಕೆಲಸ ಮಾಡಿದ್ದಾರೆ. ಇದನ್ನೇ ನಾನು ಕೈ ಬಿದ್ದ ಸೆಟ್ ಅನ್ನುವುದು.

ಫ್ಯೂಸ್ ಸರಿ ಇದ್ದೂ ಸತ್ತಿದ್ದರೆ ಮೀಟರನ್ನು ಓಮ್ಸ್‌ಗೆ ತಿರುಗಿಸಿ. ಸೆಟ್ಟಿನ ಪ್ಲಗ್ ಕೈಯಲ್ಲಿರಲಿ, ಗೋಡೆಯಲ್ಲಲ್ಲ. ಸೆಟ್ಟಿನ ಸ್ವಿಚ್ ಆನ್ ಮಾಡಿ, ಪ್ಲಗ್ಗಿನ ಎರಡು ಪಿನ್ನಿಗೆ ಮೀಟರ್ ಇಡಿ. ಕೆಲವು ಓಮ್‌ನಿಂದ ಕೆಲವು ಹತ್ತು ಓಮ್‌ವರೆಗೆ ತೋರಿಸಿದರೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ಮೈನ್ಸ್ ಕರೆಂಟ್ ಬರುವ ಕಡೆಯ ಸುರುಳಿ) ತುಂಡಾಗಿಲ್ಲ. ಏನೂ ತೋರಿಸದಿದ್ದರೆ ವೈರು, ಸ್ವಿಚ್ಚು ಅಥವಾ ವೈಂಡಿಂಗ್ ತುಂಡಾಗಿದೆ. ಪುಣ್ಯ ಇದ್ದರೆ ಸ್ವಿಚ್ಚು. ನನ್ನ ಈಗಿನ ಮುಖ್ಯ ಸೆಟ್ಟು ಹಾಗೆ ಸಿಕ್ಕಿದ್ದೇ. ಹೊಸ ಸ್ವಿಚ್ಚಿಗೆ ಆದ ಖರ್ಚು ಒಂದು ಮಸಾಲೆ ದೋಸೆಯಷ್ಟು.

ಸೀರೀಸ್ ಬಲ್ಬ್ ಜೋರಾಗಿ ಉರಿಯುತ್ತದೆ

ಸ್ಪೀಕರ್ ಹಾಕದೆ, ವಾಲ್ಯೂಮ್ ಸೊನ್ನೆಗಿಟ್ಟು, ಸೀರೀಸ್ ಬೋರ್ಡಿನ ಮೂಲಕ ಆನ್ ಮಾಡಿ. ಬಲ್ಬ್ ಒಮ್ಮೆ ಜೋರಾಗಿ ಮಿನುಗಿ, ನಿಧಾನಕ್ಕೆ ಮಂಕಾಗಿ, ಕೊನೆಗೆ ಮಿಂಚುಹುಳದಷ್ಟು ಕೆಂಪಗೆ ನಿಂತರೆ ಒಳ್ಳೆಯದು. ಆ ಮೊದಲ ಮಿಂಚು ಕಂಡೆನ್ಸರ್ ತುಂಬಿಕೊಂಡದ್ದು.

ಬಲ್ಬ್ ಪೂರ್ತಿ ಉರಿದು ಹಾಗೇ ನಿಂತರೆ ತಕ್ಷಣ ಆಫ್ ಮಾಡಿ. ಔಟ್‌ಪುಟ್ ಟ್ರಾನ್ಸಿಸ್ಟರ್, ಡಯೋಡು, ಫಿಲ್ಟರ್ ಕಂಡೆನ್ಸರ್, ಟ್ರಾನ್ಸ್‌ಫಾರ್ಮರ್, ಈ ನಾಲ್ಕರಲ್ಲಿ ಒಂದು ಶಾರ್ಟ್ ಆಗಿದೆ. ಯಾವುದು ಅಂತ ಅಂಗಡಿಯಲ್ಲಿ ಹುಡುಕಲು ಹೋಗಬೇಡಿ. ಇಂಥ ಸೆಟ್ಟನ್ನು ನಾನು ಕೊಳ್ಳುತ್ತೇನೆ, ಆದರೆ ಗುಜರಿ ಬೆಲೆಗೆ ಮಾತ್ರ.

ಒಂದು ಮಾತು. ಬಲ್ಬ್ ಅಡ್ಡ ಇರುವಾಗ ಸೆಟ್ಟಿಗೆ ಪೂರ್ತಿ ವೋಲ್ಟೇಜ್ ಸಿಗಲ್ಲ. ಕೆಲವು ಸೆಟ್ಟಿನ ರಿಲೇ (ಸ್ಪೀಕರಿನ ದಾರಿ ತೆರೆಯುವ ಸ್ವಿಚ್ಚು) ಎಳೆಯುವುದಿಲ್ಲ, ವಾಲ್ಯೂಮ್ ಕೊಟ್ಟರೆ ಸದ್ದು ಒಡೆಯುತ್ತದೆ. ಅದನ್ನು ದೋಷ ಅಂದುಕೊಳ್ಳಬೇಡಿ. ಈ ಪರೀಕ್ಷೆ ಪಾಸಾದ ಮೇಲೆ ನೇರ ಸಾಕೆಟ್ಟಿಗೆ ಹಾಕಿ ಉಳಿದದ್ದನ್ನು ನೋಡಿ.

ಮುಟ್ಟಿದರೆ ಜುಮ್ ಅನ್ನುತ್ತದೆ

ಮೈ ತಗಡಿಗೆ ಕೈ ತಗುಲಿದಾಗ ಇರುವೆ ಹರಿದಂತೆ ಆದರೆ ಹಾಡು ಕೇಳುವುದನ್ನು ಅಲ್ಲಿಗೇ ನಿಲ್ಲಿಸಿ. ಎರಡು ಪಿನ್ನಿನ ಹಳೆ ಸೆಟ್‌ಗಳಲ್ಲಿ ಅಲ್ಪಸ್ವಲ್ಪ ಸೋರಿಕೆಗೂ ಟೆಸ್ಟರ್ ಮಿಣುಕುತ್ತದೆ. ಹಾಗಾಗಿ ಟೆಸ್ಟರ್ ಒಂದನ್ನೇ ನಂಬುವ ಹಾಗಿಲ್ಲ. ಪ್ಲಗ್ ಕಿತ್ತು, ಸೆಟ್ಟಿನ ಸ್ವಿಚ್ ಆನ್ ಇಟ್ಟು, ಪ್ಲಗ್ಗಿನ ಒಂದೊಂದೇ ಪಿನ್ನಿನಿಂದ ಬಣ್ಣವಿಲ್ಲದ ತಗಡಿನ ಜಾಗಕ್ಕೆ ಮೀಟರ್ ಇಡಿ. ಓಮ್ಸ್‌ನ ದೊಡ್ಡ ರೇಂಜಿನಲ್ಲೂ ಮೀಟರ್ ಏನೂ ತೋರಿಸಬಾರದು. ಕಿಲೋ ಓಮ್‌ನಲ್ಲಿ ಏನಾದರೂ ಬಂದರೆ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಹೋಗಿದೆ ಅಥವಾ ಮೈನ್ಸ್ ವೈರು ಎಲ್ಲೋ ಸುಲಿದಿದೆ. ಬಿಟ್ಟು ಬನ್ನಿ, ಅಥವಾ ಮೆಕ್ಯಾನಿಕ್ ಸರಿ ಅಂದ ಮೇಲೆಯೇ ಮುಟ್ಟಿ.

ಇನ್ನೊಂದು ವಿಷಯ ನಿಮ್ಮ ಮನೆಯದು. ಅಗ್ರಹಾರ, ಚಾಮುಂಡಿಪುರಂ ಕಡೆಯ ಹಳೆ ಮನೆಗಳ ಸಾಕೆಟ್ಟಿನಲ್ಲಿ ಮೂರನೇ ತೂತು ಇದ್ದ ಮಾತ್ರಕ್ಕೆ ಅರ್ತಿಂಗ್ ಇದೆ ಅಂತಲ್ಲ. ಎಷ್ಟೋ ಕಡೆ ಅದು ಬರೀ ತೂತು. ಸೆಟ್ ಕೊಳ್ಳುವ ಮುಂಚೆ ಎಲೆಕ್ಟ್ರಿಷಿಯನ್ ಕರೆದು ಒಮ್ಮೆ ನೋಡಿಸಿ.

ದೀಪ ಇದೆ, ಹಾಡಿಲ್ಲ

ಇಲ್ಲಿ ಅವಸರ ಪಟ್ಟವರು ಒಳ್ಳೆ ಸೆಟ್ಟನ್ನು ಬಿಟ್ಟು ಬರುತ್ತಾರೆ. ಮುಂದುಗಡೆ ‘ಟೇಪ್ ಮಾನಿಟರ್’ ಅಂತ ಒಂದು ಬಟನ್ ಇರುತ್ತದೆ. ಅದು ಒಳಗೆ ಹೋಗಿದ್ದರೆ ಸೆಟ್ಟು ಇಲ್ಲದ ಟೇಪ್ ರೆಕಾರ್ಡರಿನ ಸದ್ದಿಗೆ ಕಾಯುತ್ತಾ ಕೂತಿರುತ್ತದೆ. ಹೊರಗೆಳೆಯಿರಿ. ಸ್ಪೀಕರ್ ಎ, ಬಿ ಸ್ವಿಚ್ ಆಫ್ ಸ್ಥಾನದಲ್ಲಿದೆಯಾ ನೋಡಿ. ಹೆಡ್‌ಫೋನ್ ತೂತಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ. ಕೆಲವು ಜಪಾನ್ ಸೆಟ್‌ಗಳಲ್ಲಿ ಹಿಂದೆ ‘ಪ್ರಿ ಔಟ್, ಮೇನ್ ಇನ್’ ಅನ್ನುವ ಎರಡು ಜೊತೆ ಸಾಕೆಟ್ ಇದ್ದು, ಅವುಗಳ ನಡುವೆ ಯು ಆಕಾರದ ಕಂಬಿ ಇರಬೇಕು. ಆ ಕಂಬಿ ಕಳೆದುಹೋಗಿದ್ದರೆ ಸೆಟ್ಟು ಮೂಗ. ಒಂದು ಸಾದಾ ಕೇಬಲ್ ಸಿಕ್ಕಿಸಿ, ಮಾತಾಡುತ್ತದೆ.

ಮೊಬೈಲನ್ನು ‘ಫೋನೋ’ ಸಾಕೆಟ್ಟಿಗೆ ಹಾಕಬೇಡಿ. ಅದು ಗ್ರಾಮಫೋನ್ ಪ್ಲೇಟಿನ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟಿನ ಸಣ್ಣ ಸದ್ದಿಗೆ ಮಾಡಿದ್ದು. ಅಲ್ಲಿಗೆ ಮೊಬೈಲ್ ಹಾಕಿದರೆ ಕಿವಿ ಹರಿಯುವ ಹಾಗೆ ಒಡೆದು ಬರುತ್ತದೆ. ‘ಆಕ್ಸ್’ ಅಥವಾ ‘ಟ್ಯೂನರ್’ಗೆ ಹಾಕಿ.

ಆನ್ ಮಾಡಿದ ಮೂರು ನಾಲ್ಕು ಸೆಕೆಂಡಿಗೆ ಒಳಗಿನಿಂದ ಒಂದು ಸಣ್ಣ ‘ಟಿಕ್’ ಬರಬೇಕಾದ ಸೆಟ್‌ಗಳೂ ಇವೆ. ಅದು ಸ್ಪೀಕರ್ ಕಾಯುವ ರಿಲೇ. ಟಿಕ್ ಬಾರದಿದ್ದರೆ ಒಳಗೆ ಏನೋ ಅಪಾಯ ಕಂಡು ಬಾಗಿಲು ಹಾಕಿಕೊಂಡಿದೆ ಅಂತ ಅರ್ಥ. ಆ ರಿಲೇಯನ್ನು ವೈರ್ ಹಾಕಿ ದಾಟಿಸಿ ‘ಈಗ ಹಾಡುತ್ತೆ ನೋಡಿ’ ಅನ್ನುವ ಮಹಾನುಭಾವರಿದ್ದಾರೆ. ಅವರು ಕಾವಲುಗಾರನನ್ನು ಕಟ್ಟಿಹಾಕಿ ನಿಮ್ಮನ್ನು ಮನೆಯೊಳಗೆ ಕರೆಯುತ್ತಿದ್ದಾರೆ.

ಒಂದೇ ಸೈಡು ಹಾಡುತ್ತದೆ

ಬ್ಯಾಲೆನ್ಸ್ ನಾಬ್ ನಡುವೆ ಇದೆಯಾ ನೋಡಿ. ಆಮೇಲೆ ಹಿಂದೆ ಇನ್‌ಪುಟ್ ಕೇಬಲ್ಲಿನ ಎಡ ಬಲ ಅದಲು ಬದಲು ಮಾಡಿ. ಮೌನ ಇನ್ನೊಂದು ಸ್ಪೀಕರಿಗೆ ಹೋದರೆ ಮೊಬೈಲೋ ಕೇಬಲ್ಲೋ ಕೆಟ್ಟಿದೆ. ಹೋಗದಿದ್ದರೆ ಅದನ್ನು ಹಾಗೇ ಬಿಟ್ಟು, ಸೆಟ್ ಆಫ್ ಮಾಡಿ, ಸ್ಪೀಕರ್ ವೈರ್ ಬದಲಿಸಿ. ಆಗಲೂ ಅದೇ ಸ್ಪೀಕರ್ ಸುಮ್ಮನಿದ್ದರೆ ಸ್ಪೀಕರೇ ಕೆಟ್ಟಿದೆ. ಮೌನ ಜಾಗ ಬದಲಿಸಿದರೆ ತೊಂದರೆ ಆಂಪ್ಲಿಫೈಯರಿನದು.

ಹಾಗಿದ್ದಾಗ ಎಲ್ಲಾ ಸ್ವಿಚ್ಚುಗಳನ್ನು ಇಪ್ಪತ್ತು ಸಲ ಒಳಗೆ ಹೊರಗೆ ಮಾಡಿ, ನಾಬುಗಳನ್ನು ಕೊನೆಯಿಂದ ಕೊನೆಗೆ ತಿರುಗಿಸಿ. ಆಗಾಗ ಸದ್ದು ಬಂದು ಹೋದರೆ ಸಂತೋಷ ಪಡಿ, ಅದು ಬರೀ ಕಿಲುಬು. ಏನು ಮಾಡಿದರೂ ಬಾರದಿದ್ದರೆ ಆ ಸೈಡಿನ ಔಟ್‌ಪುಟ್ ಹೋಗಿರುವ ಸಾಧ್ಯತೆ ಜಾಸ್ತಿ.

ನಾಬ್ ತಿರುಗಿಸಿದರೆ ಕರಕರ

ಇದಕ್ಕೆ ಹೆದರುವುದೇ ಬೇಡ. ಚೌಕಾಸಿಗೆ ಮಾತ್ರ ಬಳಸಿಕೊಳ್ಳಿ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ವಾಲ್ಯೂಮ್ ಕಂಟ್ರೋಲಿನ ಸಂದಿಗೆ ಹೊಡೆದು, ಮೂವತ್ತು ಸಲ ತಿರುಗಿಸಿದರೆ ಹತ್ತರಲ್ಲಿ ಎಂಟು ಸಲ ಹೋಗುತ್ತದೆ. ಕರೆಂಟ್ ಇರಬಾರದು, ಸ್ಪ್ರೇ ಒಣಗುವವರೆಗೆ ಆನ್ ಮಾಡಬಾರದು. ಬಾಗಿಲಿನ ಕೀಲಿಗೆ ಹೊಡೆಯುವ ತುಕ್ಕಿನ ಎಣ್ಣೆ ಇದಕ್ಕೆ ಆಗಲ್ಲ.

ನಾಬ್ ಮುಟ್ಟದೆ ಇದ್ದಾಗಲೂ ಚಿಟಚಿಟ, ಎಣ್ಣೆ ಕಾದಂತೆ ಸದ್ದು ಬಂದರೆ ಅದು ಬೇರೆ ಕಥೆ. ಒಳಗೆ ಯಾವುದೋ ಸಣ್ಣ ಟ್ರಾನ್ಸಿಸ್ಟರ್ ಸಾಯುತ್ತಿದೆ. ದೊಡ್ಡ ಖರ್ಚಲ್ಲ, ಆದರೆ ಯಾವುದು ಅಂತ ಹುಡುಕಲು ತಾಳ್ಮೆ ಇರುವ ಮೆಕ್ಯಾನಿಕ್ ಬೇಕು.

ಗುಂಯ್

ಎಲ್ಲಾ ಕೇಬಲ್ ಕಿತ್ತು, ಸ್ಪೀಕರ್ ಮಾತ್ರ ಬಿಟ್ಟು, ವಾಲ್ಯೂಮ್ ಸೊನ್ನೆಗೆ ತನ್ನಿ. ಗುಂಯ್ ನಿಂತು ಹೋದರೆ ದೋಷ ಹೊರಗಿನದು. ಕೇಬಲ್ಲಿನ ಶೀಲ್ಡ್ ಹರಿದಿರಬಹುದು, ರೆಕಾರ್ಡ್ ಪ್ಲೇಯರಿನ ಅರ್ತ್ ವೈರ್ ಕಟ್ಟಿಲ್ಲದಿರಬಹುದು. ಮನೆಯಲ್ಲಿ ಟಿವಿ ಸೆಟ್‌ಟಾಪ್ ಬಾಕ್ಸ್ ಜೋಡಿಸಿದಾಗ ಮಾತ್ರ ಬಂದರೆ ಡಿಷ್ ಅಥವಾ ಕೇಬಲ್ ವೈರಿನಿಂದ ಅರ್ತ್ ಸುತ್ತಿಕೊಂಡು ಬರುತ್ತಿದೆ. ಅದನ್ನು ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಮುರಿಯಿರಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಗುಂಯ್ ಹೋಗುತ್ತದೆ, ಒಂದು ದಿನ ಮನುಷ್ಯನೂ ಹೋಗುತ್ತಾನೆ.

ಸೊನ್ನೆಯಲ್ಲೂ ಗುಂಯ್ ಇದ್ದು, ವಾಲ್ಯೂಮ್ ಏರಿಸಿದರೂ ಇಳಿಸಿದರೂ ಅಷ್ಟೇ ಇದ್ದರೆ ಒಳಗಿನ ದೊಡ್ಡ ಫಿಲ್ಟರ್ ಕಂಡೆನ್ಸರ್ ಒಣಗಿದೆ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ತೂಗುತ್ತದೆ. ಡಯೋಡು ಅದನ್ನು ಮಡಚಿ 100 ಮಾಡುತ್ತದೆ. ಆ ಏರಿಳಿತವನ್ನು ಕೆರೆಯ ಹಾಗೆ ತುಂಬಿಟ್ಟುಕೊಂಡು ಸಮ ಮಾಡುವುದು ಕಂಡೆನ್ಸರ್. ಒಳಗಿನ ದ್ರವ ವರ್ಷಗಳಲ್ಲಿ ಆರಿ ಹೋದರೆ ಕೆರೆ ಬತ್ತಿದಂತೆಯೇ, ಏರಿಳಿತ ನೇರ ಸ್ಪೀಕರಿಗೆ ಬರುತ್ತದೆ.

ನಲವತ್ತು ವರ್ಷದ ಸೆಟ್ಟಿನಲ್ಲಿ ಇದು ದೋಷವೇ ಅಲ್ಲ, ವಯಸ್ಸು. ಬದಲಿಸುವುದು ಕಷ್ಟವೂ ಅಲ್ಲ. ಮೈಕ್ರೋಫ್ಯಾರಡ್ ಹಳೆಯದರಷ್ಟೇ ಅಥವಾ ಸ್ವಲ್ಪ ಜಾಸ್ತಿ ಇರಲಿ, ವೋಲ್ಟೇಜ್ ಕಮ್ಮಿ ಬೇಡವೇ ಬೇಡ, 105 ಡಿಗ್ರಿ ಅಂತ ಬರೆದದ್ದನ್ನೇ ಹಾಕಿಸಿ. ನನ್ನ ಮಟ್ಟಿಗೆ, ಗುಂಯ್ ಅನ್ನುವ ಆದರೆ ಯಾರೂ ಬಿಚ್ಚದ ಸೆಟ್ಟು ಅಂಗಡಿಯಲ್ಲಿ ಸಿಗುವ ಅತ್ಯುತ್ತಮ ಸರಕು. ಮಾರುವವರಿಗೆ ಅದು ಕೆಟ್ಟದ್ದು, ನಿಮಗೆ ಎರಡು ಕಂಡೆನ್ಸರ್ ದೂರದಲ್ಲಿರುವ ಒಳ್ಳೆಯದು.

ಆನ್ ಮಾಡಿದಾಗ ಟಪ್ ಅನ್ನುತ್ತದೆ

ಇದು ಸ್ವಲ್ಪ ವಿವರವಾಗಿ ನೋಡಬೇಕಾದದ್ದು, ಯಾಕೆಂದರೆ ಇಲ್ಲಿ ಸೆಟ್ಟಿನ ಜೊತೆ ಸ್ಪೀಕರೂ ಹೋಗುತ್ತದೆ.

1970ರ ದಶಕದ ನಮ್ಮ ಎಷ್ಟೋ ಸೆಟ್‌ಗಳಲ್ಲಿ ಸ್ಪೀಕರಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಕಂಡೆನ್ಸರ್ ಇರುತ್ತದೆ. ಆನ್ ಮಾಡಿದಾಗ ಅದು ತುಂಬುತ್ತಾ ಸ್ಪೀಕರನ್ನು ಒಮ್ಮೆ ತಳ್ಳುತ್ತದೆ. ‘ಟಪ್’ ಅಂದು ಸುಮ್ಮನಾದರೆ ಅದು ಅವುಗಳ ಸ್ವಭಾವ. ಆದರೆ ಕೋನ್ ಒಮ್ಮೆ ಹೊರಗೆ ಬಂದು ಅಲ್ಲೇ ನಿಂತುಕೊಂಡರೆ, ಅಥವಾ ಒಳಗೆ ಹೋಗಿ ಅಲ್ಲೇ ಉಳಿದರೆ, ತಕ್ಷಣ ಆಫ್ ಮಾಡಿ. ಸ್ಪೀಕರಿಗೆ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಹೋಗುತ್ತಿದೆ. ಒಳಗಿನ ಸುರುಳಿ ಇಸ್ತ್ರಿಪೆಟ್ಟಿಗೆಯಂತೆ ಕಾಯುತ್ತದೆ.

ಅದಕ್ಕೇ ನಾನು ಒಳ್ಳೆ ಸ್ಪೀಕರ್ ಜೋಡಿಸುವ ಮುಂಚೆ ಮೀಟರ್ ಇಡುವುದು. ಸ್ಪೀಕರ್ ತೆಗೆದು, ವಾಲ್ಯೂಮ್ ಸೊನ್ನೆಗಿಟ್ಟು, ಮೀಟರನ್ನು ಡಿಸಿ 2 ವೋಲ್ಟಿಗೆ ತಿರುಗಿಸಿ, ಸ್ಪೀಕರ್ ಟರ್ಮಿನಲ್ಲಿನ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಇಡಿ. ಹತ್ತು ನಿಮಿಷ ಕಾಯಿರಿ. ಕೊನೆಗೆ 50 ಮಿಲಿವೋಲ್ಟಿನೊಳಗೆ ನಿಂತರೆ ಆರಾಮಾಗಿ ಕೊಳ್ಳಿ. 100ರ ಆಸುಪಾಸು ಇದ್ದರೆ ಅಡ್ಜಸ್ಟ್ ಮಾಡಿಸಬೇಕು. ಪೂರ್ತಿ ವೋಲ್ಟ್ ಗಟ್ಟಲೆ ಬಂದರೆ ಆ ಸೈಡಿನ ಔಟ್‌ಪುಟ್ ಕೆಟ್ಟಿದೆ, ಸ್ಪೀಕರ್ ಜೋಡಿಸಲೇಬೇಡಿ. ಎರಡೂ ಸೈಡನ್ನು ಬೇರೆ ಬೇರೆಯಾಗಿ ನೋಡಿ. ಅಂಕಿ ನಿಲ್ಲದೆ ಅಲೆದಾಡುತ್ತಿದ್ದರೂ ನನಗೆ ಅನುಮಾನ.

ಅರ್ಧ ಗಂಟೆ ಆದ ಮೇಲೆ ಸದ್ದು ಒಡೆಯುತ್ತದೆ

ನನಗೆ ಟೋಪಿ ಬಿದ್ದ ನಾಲ್ಕರಲ್ಲಿ ಎರಡು ಇದೇ ಥರದವು. ಐದು ನಿಮಿಷ ಹಾಡಿಸಿ ತೋರಿಸಿದರು, ನಾನು ಆಟೋ ಹತ್ತಿಸಿಕೊಂಡು ಬಂದೆ. ಇಪ್ಪತ್ತೈದನೇ ನಿಮಿಷಕ್ಕೆ ಬಲಗಡೆಯ ಸ್ಪೀಕರ್ ಗೊಗ್ಗರು ದನಿಯಲ್ಲಿ ಹಾಡತೊಡಗಿತು. ಒಳಗಿನ ಬೆಸುಗೆ ಬಿರುಕು ಬಿಟ್ಟಿತ್ತು. ತಣ್ಣಗಿದ್ದಾಗ ತಾಗಿಕೊಂಡಿರುತ್ತದೆ, ಬಿಸಿಯಾದಾಗ ಹಿಗ್ಗಿ ಬಿಡುತ್ತದೆ. ಮೆಕ್ಯಾನಿಕ್‌ಗಳು ಡ್ರೈ ಸೋಲ್ಡರ್ ಅನ್ನುವುದು ಇದಕ್ಕೇ.

ಹಾಗಾಗಿ ಈಗ ಒಂದು ಗಂಟೆ ಹಾಡಿಸದೆ ದುಡ್ಡು ಕೊಡಲ್ಲ. ಮಧ್ಯದಲ್ಲಿ ಕಾಫಿ ತರಿಸುತ್ತೇನೆ, ಅಂಗಡಿಯವರಿಗೂ ಸೇರಿಸಿ. ‘ಸಾರ್, ನಂಬಿಕೆ ಇಲ್ವಾ ನಮ್ಮ ಮೇಲೆ?’ ಅಂತ ಕೇಳುತ್ತಾರೆ. ‘ನಿಮ್ಮ ಮೇಲೆ ಇದೆ ಯಜಮಾನ್ರೇ, ಇದರ ಮೇಲಿಲ್ಲ’ ಅನ್ನುತ್ತೇನೆ.

ಆ ಒಂದು ಗಂಟೆಯಲ್ಲಿ ಮೇಲಿನ ಮುಚ್ಚಳದ ಎರಡೂ ಬದಿ ಕೈಯಿಟ್ಟು ನೋಡುತ್ತಿರಿ. ಬೆಚ್ಚಗೆ ಆಗಬೇಕು, ಎರಡೂ ಕಡೆ ಒಂದೇ ಥರ. ಒಂದು ಕಡೆ ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಸಣ್ಣ ದನಿಯಲ್ಲೇ ಹಾಗಾದರೆ, ಆ ಸೈಡು ಸುಮ್ನೆ ಕೂತಾಗಲೂ ಕರೆಂಟ್ ತಿನ್ನುತ್ತಿದೆ. ಹೊಗೆ, ಸುಟ್ಟ ವಾಸನೆ, ಟ್ರಾನ್ಸ್‌ಫಾರ್ಮರ್ ಗರಗರ ಅನ್ನುವುದು, ಇವುಗಳಲ್ಲಿ ಒಂದು ಕಂಡರೂ ಪ್ಲಗ್ ಕಿತ್ತು ಮಾತು ಮುಗಿಸಿ.

ಮುಚ್ಚಳ ತೆಗೆಯಲು ಬಿಟ್ಟರೆ

ಪ್ಲಗ್ ಕೀಳಿ. ಹತ್ತು ನಿಮಿಷ ಬಿಡಿ. ಆಮೇಲೂ ಕೈ ಹಾಕಬೇಡಿ, ಟಾರ್ಚ್ ಬಿಟ್ಟು ನೋಡಿ ಸಾಕು. ದೊಡ್ಡ ಕಂಡೆನ್ಸರಿನಲ್ಲಿ ಕರೆಂಟ್ ಉಳಿದಿರುತ್ತದೆ. ಸ್ಕ್ರೂಡ್ರೈವರಿನಿಂದ ಅಡ್ಡ ಮುಟ್ಟಿಸಿ ಕಿಡಿ ಹಾರಿಸುವುದು ನೋಡಲು ಚೆನ್ನ, ಕಂಡೆನ್ಸರಿಗೂ ಕಣ್ಣಿಗೂ ಕೆಟ್ಟದ್ದು.

ಸಮನಾಗಿ ಕೂತ ಧೂಳನ್ನು ನಾನು ಆಸ್ತಿಯ ಹಾಗೆ ನೋಡುತ್ತೇನೆ. ಯಾರೂ ಮುಟ್ಟಿಲ್ಲ ಅಂತ ಅದು ಸಾಕ್ಷಿ. ಒಂದು ಕಡೆ ಧೂಳು, ಇನ್ನೊಂದು ಕಡೆ ಫಳಫಳ ಇದ್ದರೆ ಅಲ್ಲೇ ಟಾರ್ಚ್ ನಿಲ್ಲಿಸಿ. ಸ್ಕ್ರೂ ತಲೆ ಸವೆದಿದೆಯಾ? ಹೀಟ್‌ಸಿಂಕಿನ (ಬಿಸಿ ಹೊರಹಾಕುವ ಅಲ್ಯೂಮಿನಿಯಂ ತುಂಡು) ಮೇಲಿನ ಟ್ರಾನ್ಸಿಸ್ಟರ್‌ಗಳಲ್ಲಿ ಒಂದರ ಗುರುತು ಉಳಿದವಕ್ಕಿಂತ ಬೇರೆಯಾ? ಬೆಸುಗೆಯ ಸುತ್ತ ಕಂದು ಬಣ್ಣದ ಫ್ಲಕ್ಸ್ ಚೆಲ್ಲಿದೆಯಾ? ವೈರುಗಳನ್ನು ತಿರುಚಿ ಟೇಪ್ ಸುತ್ತಿದ್ದಾರಾ? ಕಂಡೆನ್ಸರಿನ ನೆತ್ತಿ ಇಡ್ಲಿಯಂತೆ ಉಬ್ಬಿದೆಯಾ? ಕಂಡೆನ್ಸರಿನ ಬುಡದಲ್ಲಿ ಕಂದು ಅಂಟು ಕಂಡರೆ ಸೋರಿಕೆ ಅಂತ ಗಾಬರಿಯಾಗಬೇಡಿ. ಜಪಾನಿನ ಕಂಪನಿಗಳು ಅಲುಗಾಡದಿರಲಿ ಅಂತ ಹಾಕಿದ ಗೋಂದೂ ಅದಾಗಿರಬಹುದು. ಆದರೆ ಆ ಗೋಂದು ಹಳೆಯದಾದಂತೆ ಪಕ್ಕದ ಕಾಲುಗಳನ್ನು ತಿನ್ನುತ್ತದೆ, ಕೆರೆಸಬೇಕು.

ಯಾವ ಟ್ರಾನ್ಸಿಸ್ಟರ್ ಇದೆ ಅನ್ನುವುದರ ಮೇಲೆ ಮುಂದಿನ ಆಯಸ್ಸು ನಿಂತಿದೆ. 2ಎನ್3055 ಇದ್ದರೆ ನಿಶ್ಚಿಂತೆ, ಈಗಲೂ ಸಿಗುತ್ತದೆ, ನಕಲಿ ನೋಡಿಕೊಳ್ಳಬೇಕು ಅಷ್ಟೇ. ಎಸಿ128, ಎಡಿ149 ಅಂತ ಇದ್ದರೆ ಅವು ಜರ್ಮೇನಿಯಂ ಕಾಲದವು. ಬೆಂಗಳೂರಿನ ಬಿಇಎಲ್ 1960ರ ದಶಕದಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡಲು ಶುರು ಮಾಡಿತ್ತು, ಈಗ ಬೇಕೆಂದರೆ ಹಳೆ ರೇಡಿಯೋ ಕೊಂದು ತೆಗೆಯಬೇಕು. ಕಪ್ಪು ಇಟ್ಟಿಗೆಯಂಥ ಎಸ್‌ಟಿಕೆ ಐಸಿ (ಔಟ್‌ಪುಟ್ ಟ್ರಾನ್ಸಿಸ್ಟರೆಲ್ಲಾ ಒಂದೇ ತುಂಡಿನಲ್ಲಿ) ಇದ್ದರೆ, ಅದು ಚೆನ್ನಾಗಿರುವವರೆಗೆ ಚೆನ್ನ. ಹೋದರೆ ಅಸಲಿ ಸಿಗುವುದು ಅದೃಷ್ಟ, ಬಜಾರಿನಲ್ಲಿ ನಕಲಿಯೇ ಜಾಸ್ತಿ.

ಸೌಂಡ್ ಸರ್ವಿಸಿನಿಂದ ಬಂದ ಸೆಟ್ಟು

ಮಂಡ್ಯ ಕಡೆ ಸಿಗುವುದರಲ್ಲಿ ಗಣೇಶನ ಪೆಂಡಾಲು, ಜಾತ್ರೆ, ಮದುವೆ ಮನೆಗಳಲ್ಲಿ ದುಡಿದು ನಿವೃತ್ತಿಯಾದ ಮೈಕ್ ಸೆಟ್ ಆಂಪ್ಲಿಫೈಯರ್‌ಗಳು ಜಾಸ್ತಿ. ಗಟ್ಟಿ ಮುಟ್ಟಾದ ವಸ್ತುಗಳೇ, ಆದರೆ ಒಂದೇ ಸೈಡಿನವು, ಸ್ಟೀರಿಯೋ ಅಲ್ಲ. ಹಿಂದುಗಡೆ 4, 8, 16 ಓಮ್ ಜೊತೆ 70 ವೋಲ್ಟ್, 100 ವೋಲ್ಟ್ ಅಂತ ಟರ್ಮಿನಲ್ ಇರುತ್ತವೆ. ಆ ವೋಲ್ಟಿನ ಟರ್ಮಿನಲ್ ದೂರದ ಹಾರ್ನ್‌ಗಳಿಗೆ. ಮನೆಯ ಸ್ಪೀಕರನ್ನು ಅಲ್ಲಿಗೆ ಹಾಕಿದರೆ ಒಂದೇ ಹಾಡಿಗೆ ಮುಗಿಯುತ್ತದೆ. ಬ್ಯಾಟರಿ ಟರ್ಮಿನಲ್ ಇದ್ದರೆ ಅದರ ಸುತ್ತ ಕರಿ ಬಿದ್ದಿದೆಯಾ ನೋಡಿ, ಪ್ಲಸ್ ಮೈನಸ್ ಉಲ್ಟಾ ಕೊಟ್ಟವರು ಒಬ್ಬರಾದರೂ ಇರುತ್ತಾರೆ.

ಟ್ರಾನ್ಸಿಸ್ಟರ್ ಬದಲು ಗಾಜಿನ ಬುರುಡೆಗಳಿರುವ ವಾಲ್ವ್ ಸೆಟ್ ಆಗಿದ್ದರೆ ನನ್ನ ಕೈಪಿಡಿ ಇಲ್ಲಿಗೆ ನಿಲ್ಲುತ್ತದೆ. ಒಳಗೆ 300, 400 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ. ಸ್ಪೀಕರ್ ಹಾಕದೆ ಅದನ್ನು ಹಾಡಿಸಲೂಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ವಾಲ್ವ್ ಕಾಲದಲ್ಲಿ ಕೆಲಸ ಕಲಿತ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡೇ ಹೋಗಿ. ಹೋಗಿ ಬರುವ ಖರ್ಚು, ಊಟ ನಿಮ್ಮದು.

ಬೆಲೆ ಮಾತಾಡುವಾಗ

ನನ್ನ ಲೆಕ್ಕ ಹೀಗೆ. ಕರಕರ, ಗುಂಯ್, ಮುಂದಿನ ದೀಪ ಹೋಗಿರುವುದು, ಇವಕ್ಕೆ ಸ್ವಲ್ಪ ಕಳೆಯುತ್ತೇನೆ. ಒಂದು ಸೈಡು ಸತ್ತಿದ್ದರೆ ಅರ್ಧಕ್ಕೆ ಇಳಿಸುತ್ತೇನೆ. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ, ರಿಲೇಗೆ ಅಡ್ಡ ವೈರು ಕಂಡರೆ ಎಷ್ಟು ಸೊಗಸಾಗಿ ಹಾಡಿದರೂ ಗುಜರಿ ಬೆಲೆಗಿಂತ ಮೇಲೆ ಹೋಗಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ತೂಕಕ್ಕೆ ಕೇಳುತ್ತೇನೆ. ತಾಮ್ರಕ್ಕೂ ಅಲ್ಯೂಮಿನಿಯಂ ಹೀಟ್‌ಸಿಂಕಿಗೂ ಆ ದಿನದ ರೇಟು ಎಷ್ಟು ಅಂತ ಅಂಗಡಿಯವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.